ಎಳೆದು ಹಿಡಿದ ಹೆದೆ

ಒದ್ದೆ ಕಂಬಳಿಯ ವಾಸನೆ ಬಂದರೆ ನನ್ನ ಬಲಭುಜ ನೋಯುತ್ತದೆ. ವಯಸ್ಸಾಯಿತಲ್ಲ ಎನ್ನುತ್ತಾರೆ ಡಾಕ್ಟರು. ವಯಸ್ಸಾಗಿರುವುದು ನಿಜ, ನೋವು ಮಾತ್ರ ವಯಸ್ಸಿನದಲ್ಲ. ಮೊನ್ನೆ ಹಾಸನದಿಂದ ಸಕಲೇಶಪುರದ ಬಸ್ಸಿನಲ್ಲಿ ಹೋಗುತ್ತಿದ್ದೆ. ನವೆಂಬರಿನಲ್ಲಿ ಬರಬಾರದ ಜಿಮುರು ಮಳೆ ಬರುತ್ತಿತ್ತು. ಆಲೂರಿನಲ್ಲಿ ಮುದುಕರೊಬ್ಬರು ಹತ್ತಿ, ನೆನೆದ ಕರಿಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕವೇ ಕೂತರು. ನನ್ನ ಎಡಗೈ ತಾನಾಗಿಯೇ ಬಲಭುಜಕ್ಕೆ ಹೋಯಿತು.

"ಯಾಕವ್ವ, ಕೈ ಉಳುಕೈತಾ?" ಎಂದರು.

"ಇಲ್ಲ, ಹಳೇದು" ಎಂದೆ. ಬಸ್ಸಿನಲ್ಲಿ ಹೇಳುವಂಥ ಕತೆಯಲ್ಲ ಅದು.

ಹೊಂಗಡಹಳ್ಳದ ಹತ್ತಿರ ನಮಗೆ ಎಂಟೆಕರೆ ಕಾಫಿ ಇತ್ತು. ಅದರ ಕೆಳಗೆ, ಹಳ್ಳದ ಪಕ್ಕಕ್ಕೆ, ಒಂದೂವರೆ ಎಕರೆ ಗದ್ದೆ. ಅಜ್ಜ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ಮಾಡಿದ್ದು. ಎಸ್ಟೇಟ್ ಅನ್ನುವಷ್ಟು ದೊಡ್ಡದೇನಲ್ಲ, ಪಪ್ಪ ಮಾತ್ರ ಕಾಗದ ಬರೆಯುವಾಗ ಎಸ್ಟೇಟ್ ಅಂತಲೇ ಬರೆಯುತ್ತಿದ್ದರು. ಮನೆಯಲ್ಲಿ ಪಪ್ಪ, ಮಾಂಯ್, ನಾನು. ನಮ್ಮ ಮನೆಮಾತಿನಲ್ಲಿ ಅಮ್ಮನಿಗೆ ಮಾಂಯ್ ಅನ್ನುತ್ತೇವೆ. ಅಣ್ಣ ಪಾದ್ರಿಯಾಗಲು ಓದುತ್ತಿದ್ದ, ಕರೆದರೂ ಬರುವಂತಿರಲಿಲ್ಲ. ಎಪ್ಪತ್ತರ ದಶಕದ ಕೊನೆ ಅದು. ನನಗೆ ಇಪ್ಪತ್ತು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು.

ಅಕ್ಟೋಬರಿನಲ್ಲಿ ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಒಂಟಿಗ ಇಳಿಯಿತು. ಹಿಂಡು ಬಿಟ್ಟು ಒಂಟಿಯಾಗಿ ತಿರುಗುವ ಗಂಡುಹಂದಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಿಂಡನ್ನು ಡಬ್ಬ ಬಡಿದು ಓಡಿಸಬಹುದು, ಒಂಟಿಗ ತಿರುಗಿ ನಿಲ್ಲುತ್ತದೆ. ಬೆಳಿಗ್ಗೆ ಗದ್ದೆಗೆ ನೀರು ತಿರುವಲು ಹೋದ ಪಪ್ಪನ ತೊಡೆಯನ್ನು ಸೀಳಿಹಾಕಿತು. ನಾಲ್ಕು ಜನ ಏಣಿಯ ಮೇಲೆ ಮಲಗಿಸಿಕೊಂಡು ರಸ್ತೆಗೆ ತಂದರು. ಸಕಲೇಶಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಜೀವ ಉಳಿಯಿತು. ಆದರೆ ಪಪ್ಪ ಜಗುಲಿಯ ಮಂಚದಿಂದ ಕೆಳಗಿಳಿಯುವಂತಿರಲಿಲ್ಲ.

ಕೋವಿ ಇದ್ದಿದ್ದರೆ ಯಾರಾದರೂ ಬಂದು ಹೊಡೆದುಕೊಡುತ್ತಿದ್ದರು. ಆದರೆ ಚುನಾವಣೆ ಬರುತ್ತಿದೆಯೆಂದು ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಾಗಿತ್ತು. ಪಪ್ಪನದೂ ಹೋಗಿತ್ತು, ಸುತ್ತಮುತ್ತಲಿನವರದೂ ಹೋಗಿತ್ತು. ಉರುಳು ಹಾಕಿದೆವು, ಒಂಟಿಗ ಕಿತ್ತುಕೊಂಡು ಹೋಯಿತು. ಗದ್ದೆಯೊಳಗೇ ಮಲಗಲು ಶುರುಮಾಡಿತು. ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಗಸರು ಕೊಯ್ಲಿಗೆ ಇಳಿಯುವುದಿಲ್ಲ ಎಂದುಬಿಟ್ಟರು.

"ಮಲ್ಗಿರೋದ್ ಕಾಣ್ದೇ ಕಾಲಿಟ್ಬುಟ್ರೆ ಹೊಟ್ಟೇನೇ ಬಗ್ದಾಕ್ತದೆ ಕಣ್ರವ್ವ. ನಮ್ಗೂ ಮಕ್ಳವೆ" ಎಂದರು. ಅವರ ಮಾತು ಸುಳ್ಳಲ್ಲವಲ್ಲ, ಏನಂತ ಬೈಯುವುದು!

ಭತ್ತ ಹಣ್ಣಾಗಿ ನಿಂತರೆ ಕಾಳು ಉದುರುತ್ತದೆ. ಆ ಗದ್ದೆಯೇ ನಮ್ಮ ವರ್ಷದ ಅನ್ನ. ಒಂಟಿಗ ಸಾಯಬೇಕು, ಕೊಯ್ಲಾಗಬೇಕು. ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಲೈನಿನ ಕೊನೆಯ ಮನೆಯಲ್ಲಿ ದ್ಯಾವಣ್ಣ ಇದ್ದ. ಒಂದು ಕಾಲದಲ್ಲಿ ಎಡಕುಮೇರಿ ಕಡೆಯ ಕಾಡನ್ನೆಲ್ಲ ಬಿಲ್ಲು ಹಿಡಿದು ತಿರುಗಿದವನು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರ ಮುಖವೂ ಮಬ್ಬು. ನಾನು ಹೋಗಿ ಕೇಳಿದಾಗ ಅವನು ನಗಲಿಲ್ಲ. ನನ್ನ ಬಲಗೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ನನ್ ಬಿಲ್ಲು ನಿಮ್ ಕೈಯಾಗ್ ಬಗ್ಗಾಕಿಲ್ಲ. ಬ್ಯಾರೆ ಕಡ್ದುಕೊಡ್ತೀನಿ. ಹದಿನೈದು ಹೆಜ್ಜೆಗಿಂತ ದೂರ್‍ದಾಗಿದ್ರೆ ಬಾಣ ಬುಡಾಂಗಿಲ್ಲ. ಬುಟ್ರೆ ಗಾಯ ಆಯ್ತದೆ, ಸಾಯಾಕಿಲ್ಲ. ಗಾಯ ಆದ ಹಂದಿ ನಿಮ್ಮನ್ನ ಬುಡಾಕಿಲ್ಲ. ಒಪ್ಗೆನಾ?"

"ಒಪ್ಪಿಗೆ" ಎಂದೆ. ಏನಕ್ಕೆ ಒಪ್ಪಿದೆನೆಂದು ಆಗ ಗೊತ್ತಿರಲಿಲ್ಲ.

ಬಗನಿ ಮರದ ಬಿಲ್ಲು, ಹುರಿಗಟ್ಟಿದ ನಾರಿನ ಹೆದೆ, ವಾಟೆ ಬಿದಿರಿನ ಬಾಣ, ಆಲೂರಿನ ಕಮ್ಮಾರನಲ್ಲಿ ಬಡಿಸಿ ತಂದ ಕಬ್ಬಿಣದ ಮೊನೆ. ಕಾಫಿ ಒಣಗಿಸುವ ಕಣದ ಅಂಚಿಗೆ ಹೊಟ್ಟು ತುಂಬಿದ ಗೋಣಿಚೀಲ ತೂಗುಹಾಕಿ ಮಸಿಯಿಂದ ಒಂದು ಗುರುತು ಮಾಡಿದೆ. ಮೊದಲ ವಾರ ಚೀಲಕ್ಕೆ ಬಾಣ ತಾಗುವುದೇ ದೊಡ್ಡದಾಗಿತ್ತು. ಹೆದೆ ಬಡಿದು ಎಡ ಮೊಳಕೈಯ ಒಳಭಾಗ ನೀಲಿಗಟ್ಟಿತು. ಗೋಣಿಯ ಪಟ್ಟಿ ಸುತ್ತಿಕೊಂಡೆ. ಪಪ್ಪನ ಹಳೆಯ ಕಾಕಿ ಅಂಗಿ ಹಾಕಿ ಜಡೆಯನ್ನು ತುರುಬು ಕಟ್ಟಿಕೊಂಡೆ. ಮಾಂಯ್ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡಿ ಒಳಗೆ ಹೋದಳು.

ನಿಂತು ಹೊಡೆಯಲು ಬಂದ ಮೇಲೆ ದ್ಯಾವಣ್ಣ ನಿಲ್ಲಲು ಬಿಡಲೇ ಇಲ್ಲ. "ಹಂದಿ ಬಂದು ನಿಮ್ಮುಂದೆ ಫೋಟೋಕ್ ನಿಂತ್ಕತದಾ?" ಎನ್ನುತ್ತಿದ್ದ. ಕಾಫಿ ಗಿಡದ ಕೆಳಗೆ ಕುಕ್ಕರುಗಾಲಿನಲ್ಲಿ ಕೂರಿಸಿದ. ಅಲ್ಲಿ ಬಿಲ್ಲನ್ನು ನೆಟ್ಟಗೆ ಹಿಡಿಯಲಾಗುವುದಿಲ್ಲ, ಅಡ್ಡ ಹಿಡಿದೇ ಎಳೆಯಬೇಕು. ಹಲಸಿನ ಮರಕ್ಕೆ ಹತ್ತಿಸಿ ಕೆಳಕ್ಕೆ ಹೊಡೆಸಿದ. ಹಳ್ಳದಿಂದ ಕಣದವರೆಗೆ ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ಬಾಣ ಹೂಡಿಸಿದ. ಎಲ್ಲಕ್ಕಿಂತ ಕಷ್ಟ ಬದುವಿನ ಹಿಂದಿನದು. ಎಡಮೊಣಕಾಲು ಕೆಸರಿನಲ್ಲಿ ಊರಿ, ಸೊಂಟ ತಿರುಗಿಸಿ, ಮೈಯನ್ನು ಬದುವಿನ ಮರೆಯಲ್ಲೇ ಇಟ್ಟುಕೊಂಡು ಎಳೆಯಬೇಕು. ಅದರಲ್ಲಿ ನಾನು ಪ್ರತಿಸಲ ಸೋಲುತ್ತಿದ್ದೆ.

ಹೊಡೆಯುವುದಲ್ಲ ಅವನಿಗೆ ಮುಖ್ಯ, ಹಿಡಿಯುವುದು. ಹೆದೆಯನ್ನು ಕಿವಿಯ ತನಕ ಎಳೆದು, ಅಲ್ಲೇ ಹಿಡಿದು, ಕಾಯಬೇಕು. ಹಂದಿ ತಲೆ ಎತ್ತುವ ತನಕ, ಪಕ್ಕೆ ತಿರುಗಿಸುವ ತನಕ. ಎದೆಯೊಳಗಿನ ಉಸಿರು ಕಲ್ಲಾಗುತ್ತದೆ. ಮೊದಲು ಬೆರಳು ಉರಿಯುತ್ತದೆ, ಆಮೇಲೆ ಭುಜ, ಆಮೇಲೆ ಬೆನ್ನು. ಆಮೇಲೆ ನಡುಕ ಶುರುವಾಗುತ್ತದೆ. ನಾನು ಬಿಟ್ಟುಬಿಡುತ್ತಿದ್ದೆ. ದ್ಯಾವಣ್ಣನಿಗೆ ಕಣ್ಣು ಕಾಣದಿದ್ದರೂ ಹೆದೆಯ ಸದ್ದು ಸಾಕಾಗಿತ್ತು.

"ಯಾಕ್ ಬುಟ್ರಿ?"

"ಗುರಿ ಸಿಕ್ಕಿತ್ತು."

"ಗುರಿ ಸಿಕ್ಕಿರ್ಲಿಲ್ಲ, ಕೈ ನೋಯ್ತಿತ್ತು. ಕೈ ನೋಯ್ತದೆ ಅಂತ ಬುಟ್ಟ ಬಾಣ ನಿಮ್ದಲ್ಲ ಸಣ್ಣಮ್ಮೋರೆ, ನೋವಿಂದು. ಅದು ಯಾರ್ ಮೈಗಾದ್ರೂ ಹೋಯ್ತದೆ."

ಹಿಡಿಯುವುದಕ್ಕೆ ಲೆಕ್ಕ ಬೇಕಿತ್ತು. ಒಂದು, ಎರಡು ಎಂದು ಎಣಿಸಿದರೆ ಅವಸರವಾಗುತ್ತಿತ್ತು. ಅದಕ್ಕೆ ನಾನು 'ನಮಾನ್ ಮರಿಯೆ' ಹೇಳಿಕೊಳ್ಳತೊಡಗಿದೆ. ಮಾತೆ ಮರಿಯಮ್ಮನಿಗೆ ಹೇಳುವ ನಮ್ಮ ಪ್ರಾರ್ಥನೆ ಅದು. ದಿನಾ ಸಂಜೆ ಜಪಸರ ಹಿಡಿದು ಎಲ್ಲರೂ ಮೊಣಕಾಲೂರಿ ಕೂತಾಗ ಒಬ್ಬರು ಮೊದಲರ್ಧ ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧ ಹೇಳುತ್ತಾರೆ. 'ನಮಗಾಗಿ ಬೇಡಿಕೋ, ಈಗಲೂ, ನಮ್ಮ ಮರಣದ ಗಳಿಗೆಯಲ್ಲೂ, ಆಮೆನ್' ಎಂದು ಅದು ಮುಗಿಯುತ್ತದೆ. ಕಣದಲ್ಲಿ ನಾನು ಎರಡೂ ಅರ್ಧ ನಾನೇ ಹೇಳಿಕೊಂಡು, ಆಮೆನ್ ಎಂದಕೂಡಲೇ ಬಿಡುತ್ತಿದ್ದೆ. ಎರಡನೆಯ ವಾರಕ್ಕೆ ಬಾಣಗಳು ಮಸಿಯ ಗುರುತಿನ ಸುತ್ತಲೇ ಬೀಳತೊಡಗಿದವು. ನನಗೆ ಕೊಂಬು ಬಂತು.

ದ್ಯಾವಣ್ಣನಿಗೆ ಸಿಟ್ಟು ಬಂತು. "ಆ ನಿಮ್ ಮಂತ್ರ ಮುಗೀತಿದ್ದಂಗೇ ಬೆರಳು ಬುಟ್ಬುಡ್ತದೆ. ಹಂದಿಗೇನ್ ಗೊತ್ತು, ಮಂತ್ರ ಎಲ್ಲಿ ಮುಗೀತದೆ ಅಂತ? ಮುಗ್ಸಿ, ಹಿಡ್ಕಂಡಿರಿ. ಆಮ್ಯಾಕೆ ಬಾಣ ಬುಡ್ದೇ ಇಳ್ಸಿ."

ಇಳಿಸುವುದೆಂದರೆ ಎಳೆದ ಹೆದೆಯನ್ನು ಬಾಣ ಬಿಡದೆ, ನಿಧಾನವಾಗಿ, ಮೊದಲಿದ್ದಲ್ಲಿಗೆ ತರುವುದು. ಎಳೆಯುವುದಕ್ಕಿಂತ ಅದು ಕಷ್ಟ. ಒಣಜಂಭ ಬೇರೆ, ಅಷ್ಟು ಎಳೆದು ಸುಮ್ಮನೆ ಇಳಿಸುವುದು ನನಗೆ ಸೋತಂತೆ ಕಾಣುತ್ತಿತ್ತು. ಆಮೆನ್ ಬಾಯಿಗೆ ಬಂದರೆ ಬೆರಳು ಬಿಚ್ಚಿಯೇಬಿಡುತ್ತಿತ್ತು. ಒಂದು ದಿನ ಅವನು ಮರ್ಯಾದೆಯ ಮಾತು ಮರೆತು, "ಬುಡಬ್ಯಾಡ ಕಣೇ, ಇಳ್ಸೇ!" ಎಂದು ಕೂಗಿದ. ಆಗಲೂ ಬಿಟ್ಟೆ.

ಇನ್ನೊಂದು ದಿನ ನಾನು ಎಳೆದು ಹಿಡಿದಿದ್ದಾಗ ಅಡುಗೆಮನೆಯಲ್ಲಿ ಮಾಂಯ್ ಕೈಯಿಂದ ಹಿತ್ತಾಳೆ ಕೊಡಪಾನ ಜಾರಿತು. ಆ ಸದ್ದಿಗೆ ಬೆಚ್ಚಿಬಿದ್ದೆ, ಬೆರಳು ಜಾರಿತು. ಬಾಣ ಹೋಗಿ ಕೊಟ್ಟಿಗೆಯ ಬಾಗಿಲಿನ ಕಂಬಕ್ಕೆ ನೆಟ್ಟಿತು. ಅದರ ಒಂದು ಗೇಣು ಆಚೆಗೆ ಕರುವಿನ ಕುತ್ತಿಗೆ. ಮಾಂಯ್ ಓಡಿಬಂದಳು. ಕಂಬದಲ್ಲಿ ಇನ್ನೂ ಅದುರುತ್ತಿದ್ದ ಬಾಣ ನೋಡಿದಳು, ನನ್ನನ್ನು ನೋಡಿದಳು.

"ಮಾತೆಯ ಹೆಸರು ಹೇಳಿ ಕೊಲ್ಲೋದನ್ನ ಕಲೀತಿದ್ದೀಯಲ್ಲ, ನಾಚಿಕೆ ಆಗಲ್ವಾ? ನಿಮ್ಮಪ್ಪ ಮಲಗಿರೋದು ಸಾಲದಾ? ನೀನೂ ಪಕ್ಕದಲ್ಲೇ ಮಲಗಬೇಕಾ?"

"ಮತ್ತೆ ಗದ್ದೆಗೆ ಇಳಿಯೋರು ಯಾರು? ನೀನು ಇಳೀತೀಯಾ?" ಎಂದೆ. ಎದುರುತ್ತರ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು. ಸಂಜೆ ಪ್ರಾರ್ಥನೆಯಲ್ಲಿ ಮಾತ್ರ ನಾನು ಮೊದಲರ್ಧ, ಅವಳು ಎರಡನೆಯ ಅರ್ಧ.

ನವೆಂಬರಿನ ಮೂರನೆಯ ವಾರಕ್ಕೆ ತೆನೆ ಬಾಗಿ ನೆಲ ಮುಟ್ಟಿತು. ಮುಟ್ಟಿದರೆ ಕಾಳು ಕೈಗೆ ಉದುರುತ್ತಿತ್ತು. ಊಟಕ್ಕೆ ಕೂತಾಗ ಪಪ್ಪನಿಗೆ ಹೇಳುವ ನೆಪದಲ್ಲಿ ಮಾಂಯ್‌ಗೂ ಕೇಳುವಂತೆ ಹೇಳಿದೆ: "ನಾಳೆ ಬೆಳಕು ಹರಿಯುವಾಗ ಇಳೀತೀನಿ. ಅದು ಆಗಲೇ ಮೇಯೋಕೆ ಬರೋದು." ಪಪ್ಪ ಬೇಡ ಎಂದರು. ಮಾಂಯ್ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು, ಅಷ್ಟೇ.

ಬೆಳಿಗ್ಗೆ ಎದ್ದಾಗ ಒಲೆ ಉರಿಯುತ್ತಿತ್ತು. ಕಾಫಿ ಮುಚ್ಚಿಟ್ಟಿತ್ತು. ಮಾಂಯ್ ಕಾಣಲಿಲ್ಲ. ಕೊಟ್ಟಿಗೆಯಲ್ಲಿರಬೇಕು, ನನ್ನ ಮುಖ ನೋಡಬಾರದೆಂದು ಅಲ್ಲೇ ಕೂತಿದ್ದಾಳೆ ಎಂದುಕೊಂಡೆ. ಒಳ್ಳೆಯದೇ ಆಯಿತು, ಜಗಳ ತಪ್ಪಿತು ಅಂತಲೂ ಅನ್ನಿಸಿತು. ಹಿಂದಿನ ಜಗುಲಿಯ ಗೂಟದಲ್ಲಿ ಪಪ್ಪನ ಕರಿಕಂಬಳಿ ಯಾವಾಗಲೂ ತೂಗುತ್ತಿತ್ತು. ಅವತ್ತು ಇರಲಿಲ್ಲ. ಅದರ ಪಕ್ಕದ ಗೂಟದಿಂದಲೇ ನಾನು ಬಿಲ್ಲು ತೆಗೆದುಕೊಂಡೆ, ಆದರೂ ಅದನ್ನು ಗಮನಿಸಲಿಲ್ಲ. ಇಷ್ಟು ವರ್ಷವಾದರೂ ನನ್ನನ್ನು ನಾನು ಬೈದುಕೊಳ್ಳುವುದು ಅದಕ್ಕೇ.

ಕಾಫಿ ತೋಟದೊಳಗಿಂದ ಇಳಿದೆ. ಗಿಡದಿಂದ ಮಂಜಿನ ಹನಿ ಉದುರಿ ಹೆಗಲು ನೆನೆಯಿತು. ಗದ್ದೆಯ ಮೇಲೆ ಮಂಜು ಕೂತಿತ್ತು. ಎದುರಿನ ಬದು ಕಾಣುತ್ತಿತ್ತು, ಅದರಾಚೆ ಏನೂ ಇಲ್ಲ. ಮೇಲಿನ ಬದುವಿನ ಹಿಂದೆ ಕೂತು ಕಿವಿಗೊಟ್ಟೆ. ಕೆಳಗಿನ ಮಡಿಯಲ್ಲಿ ಸದ್ದು. ಚರಕ್. ಸ್ವಲ್ಪ ಬಿಟ್ಟು ಮತ್ತೆ ಚರಕ್. ಭತ್ತದ ಗಿಡ ಅಲುಗುವ ಸದ್ದು, ಮತ್ತೆ ಚರಕ್. ತೆನೆ ಕಚ್ಚಿ ಎಳೆಯುತ್ತಿದೆ ಅಂದುಕೊಂಡೆ. ಹುಟ್ಟಿದಾಗಿನಿಂದ ಕೊಯ್ಲಿನ ಸದ್ದು ಕೇಳಿದವಳು ನಾನು, ಕುಡುಗೋಲಿನ ಸದ್ದು ಯಾವುದು ಹಂದಿಯದು ಯಾವುದು ಎಂದು ನಿದ್ದೆಯಲ್ಲೂ ಹೇಳಬಲ್ಲವಳು. ಅವತ್ತು ತಲೆಯ ತುಂಬ ಒಂಟಿಗನೇ ಇದ್ದುದರಿಂದ ಕಿವಿಗೂ ಅದೇ ಕೇಳಿಸಿತು.

ಮಂಜು ಸ್ವಲ್ಪ ಸರಿಯಿತು. ಹದಿನೈದು ಹೆಜ್ಜೆಯ ಒಳಗೇ, ತೆನೆಗಳ ನಡುವೆ ಒಂದು ಕರಿಬೆನ್ನು. ಒದ್ದೆಯಾಗಿ, ರೋಮ ರೋಮವಾಗಿ, ಗುಡ್ಡೆಯಂತೆ ಎದ್ದು ನಿಧಾನವಾಗಿ ಮುಂದಕ್ಕೆ ಸರಿಯುತ್ತಿತ್ತು.

ಎಡಮೊಣಕಾಲು ಕೆಸರಿಗೆ ಊರಿದೆ. ಸೊಂಟ ತಿರುಗಿಸಿದೆ. ಪ್ರತಿಸಲ ಸೋಲುತ್ತಿದ್ದ ಅದೇ ಭಂಗಿ. ಅವತ್ತು ಮಾತ್ರ ಬಿಲ್ಲು ಬದುವಿಗೆ ತಾಗಲಿಲ್ಲ, ಕಾಲು ಜಾರಲಿಲ್ಲ. ಹೆದೆ ಕಿವಿಯ ತನಕ ಬಂತು. ಮೊನೆ ಬೆನ್ನಿನ ಮುಂಭಾಗಕ್ಕೆ, ಮುಂಗಾಲಿನ ಹಿಂದೆ ಇರಬೇಕಾದ ಕಡೆಗೆ ಹೋಗಿ ನಿಂತಿತು. ಅಭ್ಯಾಸಬಲ ನೋಡಿ, ತುಟಿ ತಾನಾಗಿ ಅಲುಗಿತು. ನಮಾನ್ ಮರಿಯೆ. ಪಿಸುದನಿಯಲ್ಲೇ ಹೇಳಿದೆ ಅಂದುಕೊಂಡಿದ್ದೆ, ಆದರೆ ಮಂಜಿನ ಬೆಳಗಿನಲ್ಲಿ ಪಿಸುದನಿಯೂ ಕೇಳುತ್ತದೆ.

ಚರಕ್ ಸದ್ದು ನಿಂತಿತು. ಕರಿಬೆನ್ನು ಅಲುಗಲಿಲ್ಲ.

ಕೇಳಿಸಿಕೊಂಡಿತು, ಈಗ ನುಗ್ಗುತ್ತದೆ ಎಂದುಕೊಂಡೆ. ಬೆರಳು ಉರಿಯತೊಡಗಿತು. ಭುಜದಲ್ಲಿ ನಡುಕ ಶುರುವಾಯಿತು. ಬಾಯಲ್ಲಿ ಮೊದಲರ್ಧ ಮುಗಿಯಿತು. ಎರಡನೆಯ ಅರ್ಧಕ್ಕೆ ತುಟಿ ತೆರೆಯುವ ಮುಂಚೆ ಅದು ನನಗೆ ಕೇಳಿಸಿತು.

ಭತ್ತದೊಳಗಿಂದ ಬರುತ್ತಿತ್ತು. ಜೋರಾಗಿ ಅಲ್ಲ, ಹೆದರಿದ ದನಿಯೂ ಅಲ್ಲ. ದಿನಾ ಸಂಜೆ ದೇವರಪಟದ ಮುಂದೆ ಹೇಳುವ ಹಾಗೆ, ಅದೇ ರಾಗದಲ್ಲಿ. ಇಪ್ಪತ್ತು ವರ್ಷದ ರೂಢಿ ನನ್ನದು, ಎದುರಿನವರು ಎರಡನೆಯ ಅರ್ಧ ಹೇಳುವಾಗ ನನ್ನ ಬಾಯಿ ಮುಚ್ಚಿರುತ್ತದೆ. ಮುಚ್ಚಿತು. ಬೆರಳು ಆಮೆನ್‌ಗಾಗಿ ಕಾಯುತ್ತಿತ್ತು. ಆ ದನಿ 'ಈಗಲೂ' ಎಂದಿತು. ಬಹಳ ನಿಧಾನವಾಗಿ 'ನಮ್ಮ ಮರಣದ ಗಳಿಗೆಯಲ್ಲೂ' ಎಂದಿತು. ಅಲ್ಲಿಗೆ ನಿಂತುಬಿಟ್ಟಿತು.

ಹಂದಿ ಪ್ರಾರ್ಥನೆ ಹೇಳುವುದಿಲ್ಲ ಎನ್ನುವುದು ನನ್ನ ತಲೆಗೆ ಇಳಿಯಲು ಇನ್ನೊಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಕಂಬಳಿ ಕೊಪ್ಪೆ. ಪಪ್ಪನ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು, ಕುಕ್ಕರುಗಾಲಿನಲ್ಲಿ ಕೂತು ಭತ್ತ ಕುಯ್ಯುತ್ತಿದ್ದ ಮಾಂಯ್. ನನ್ನ ಬಾಣದ ಗುರಿ ಅವಳ ಪಕ್ಕೆಯ ಮೇಲಿತ್ತು.

ಅಯ್ಯೋ ದೇವರೇ! ಕೂಗಬೇಕೆನಿಸಿತು. ಕೂಗಿದರೆ ಬೆರಳು ಜಾರುತ್ತದೆ. ಭುಜ ಗಡಗಡ ನಡುಗುತ್ತಿತ್ತು, ಬಾಣದ ತುದಿ ಅಲ್ಲಾಡುತ್ತಿತ್ತು. ಒಂದು ಸಲವೂ ಸರಿಯಾಗಿ ಇಳಿಸಿದವಳಲ್ಲ ನಾನು. ದ್ಯಾವಣ್ಣನ ಮಾತು ಕಿವಿಯಲ್ಲೇ ಕೂಗಿತು, ಬುಡಬ್ಯಾಡ ಕಣೇ, ಇಳ್ಸೇ. ಮೊದಲು ಎಡಗೈ ತಗ್ಗಿಸಿ ಮೊನೆಯನ್ನು ಬದುವಿನ ಮಣ್ಣಿನ ಕಡೆ ತಿರುಗಿಸಿದೆ. ಆಮೇಲೆ ಹೆದೆಯನ್ನು ಒಂದೊಂದು ಬೆರಳಗಲ, ಒಂದೊಂದು ಬೆರಳಗಲ. ಕೊನೆಯ ಗೇಣಿನಲ್ಲಿ ಜಾರಿಯೇಬಿಟ್ಟಿತು. ಬಾಣ ಬದುವಿನ ಕೆಸರಿನಲ್ಲಿ ಗರಿಯ ತನಕ ಹೂತುಹೋಯಿತು.

ಆಗ ಮಾಂಯ್ ಎದ್ದು ನಿಂತಳು. ಅದಕ್ಕೆ ಮುಂಚೆ ಏಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೊಪ್ಪೆ ಹಿಂದಕ್ಕೆ ಸರಿಸಿ, ನನ್ನ ಕಡೆ ನೋಡಿದಳು. ನಾನು ಕೆಸರಿನಲ್ಲೇ ಕೂತಿದ್ದೆ.

"ಇನ್ನೊಂದು ಕುಡುಗೋಲು ಕೊಟ್ಟಿಗೆಯಲ್ಲಿದೆ. ತಗೊಂಡು ಬಾ" ಎಂದಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ಹೋಗಿ ತಂದೆ. ಅವಳ ಪಕ್ಕದ ಸಾಲು ಹಿಡಿದೆ. ಅಳುತ್ತಾ ಕುಯ್ದೆ, ಅವಳು ನೋಡದವಳಂತೆ ಕುಯ್ದಳು.

ಬಿಸಿಲು ಬರುವ ಹೊತ್ತಿಗೆ ಲೈನಿನ ಹೆಂಗಸರು ಬದುವಿನ ಮೇಲೆ ಬಂದು ನಿಂತರು. "ಅಮ್ಮೋರೇ ಇಳ್ದ ಮ್ಯಾಕೆ ನಾವ್ ಹೆಂಗ್ರವ್ವ ಮನೇಲ್ ಕೂರಾದು?" ಎಂದು ಒಬ್ಬಳು ಸೆರಗು ಕಟ್ಟಿಕೊಂಡು ಇಳಿದಳು. ಒಬ್ಬಳ ಹಿಂದೆ ಒಬ್ಬರು ಇಳಿದರು, ಅವರ ಗಂಡಂದಿರು ಕೋಲು ಹಿಡಿದು ಸುತ್ತ ನಿಂತರು. ಸಂಜೆಯ ಹೊತ್ತಿಗೆ ಮುಕ್ಕಾಲು ಗದ್ದೆ ಮುಗಿದಿತ್ತು. ಒಂಟಿಗ ಅವತ್ತು ಬರಲೇ ಇಲ್ಲ. ಕೊಯ್ಲಾಗಿ ಮರೆ ಹೋದ ಮೇಲೆ ಅದಕ್ಕೆ ಅಲ್ಲಿ ಕೆಲಸವೂ ಇರಲಿಲ್ಲ.

ದ್ಯಾವಣ್ಣನಿಗೆ ಮಾತ್ರ ಹೇಳಿದೆ.

"ಇಳ್ಸಿದ್ರಾ?"

"ಇಳಿಸಿದೆ. ಕೊನೇಲಿ ಜಾರಿತು."

"ಮಣ್ಣಿಗೆ ತಾನೇ?"

"ಮಣ್ಣಿಗೇ."

ಬಿಲ್ಲನ್ನು ಕೈಗೆ ತೆಗೆದುಕೊಂಡು, ತಡವಿ, ಹೆದೆಯನ್ನು ಬಿಚ್ಚಿ ಸುತ್ತಿ ಜೇಬಿಗೆ ಹಾಕಿಕೊಂಡ. "ಇನ್ ಕಲ್ಸಾದೇನೂ ಇಲ್ಲ ಕಣವ್ವ" ಎಂದ. ನಾನು ಆಮೇಲೆ ಬಿಲ್ಲು ಮುಟ್ಟಲಿಲ್ಲ.

ಸಂಜೆ ನನ್ನ ಬಲಗೈ ಎತ್ತಲಾಗುತ್ತಿರಲಿಲ್ಲ. ಇಡೀ ದಿನ ಕುಯ್ದಿದ್ದಕ್ಕೆ ಎಂದು ಪಪ್ಪನಿಗೆ ಹೇಳಿದೆ. ಮಾಂಯ್ ಒಲೆಯ ಮುಂದೆ ಕೂರಿಸಿ, ಕೊಬ್ಬರಿ ಎಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕಿದಳು. ಪಕ್ಕದಲ್ಲೇ ಒಣಗಲು ಹಾಕಿದ್ದ ಕಂಬಳಿಯಿಂದ ಹಬೆ ಏಳುತ್ತಿತ್ತು, ಆ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತ್ತು. ನಾನು ಗುರಿ ಹಿಡಿದದ್ದು ಅವಳಿಗೆ ಗೊತ್ತಿಲ್ಲ, ದೇವರು ದೊಡ್ಡವನು, ಕೆಲಸ ಮಾಡುತ್ತಾ ತನ್ನ ಪಾಡಿಗೆ ಪ್ರಾರ್ಥನೆ ಹೇಳುತ್ತಿದ್ದಳು ಎಂದು ನಾನು ನಂಬಿಕೊಂಡಿದ್ದೆ.

"ತುಂಬಾ ನಡುಗ್ತಿತ್ತು ನಿನ್ನ ಕೈ" ಎಂದಳು, ತಿಕ್ಕುತ್ತಲೇ.

ನಾನು ತಿರುಗಿ ಅವಳ ಮುಖ ನೋಡಿದೆ. "ನೋಡಿದ್ಯಾ?"

"ನೋಡ್ದೆ. ಕೊಪ್ಪೆ ಸಂದಿಯಿಂದ."

"ಮತ್ತೆ ಯಾಕೆ ಕೂಗ್ಲಿಲ್ಲ?"

"ಕೂಗಿದ್ರೆ ನೀನು ಬಿಟ್ಬಿಡ್ತಿದ್ದೆ. ಕೊಡಪಾನ ಬಿದ್ದ ದಿನ ನೋಡಿದ್ನಲ್ಲ." ಅವಳ ಹೆಬ್ಬೆರಳು ಭುಜದ ಗಂಟಿನ ಮೇಲೆ ಸುತ್ತುತ್ತಿತ್ತು. "ಸುಮ್ಮನಿದ್ರೂ ಬಿಡ್ತಿದ್ದೆ. ಒಂದು ತಿಂಗಳಿಂದ ಇಲ್ಲೇ ನಿಂತು ಕೇಳ್ತಿದ್ದೀನಿ. ಆಮೆನ್ ಅಂದಕೂಡ್ಲೇ ಬಿಡ್ತೀಯ ನೀನು. ಅದಕ್ಕೇ ನಾನೇ ಹೇಳ್ದೆ. ಆಮೆನ್ ಮಾತ್ರ ಹೇಳದೆ ನಿಲ್ಲಿಸ್ದೆ."

ನಾನು ಅವಳ ಮಡಿಲಿಗೆ ಮುಖ ಒತ್ತಿಕೊಂಡು ಅತ್ತೆ. ಎಣ್ಣೆ ಕೈಯನ್ನು ತಲೆಗೆ ಒರೆಸಿದ ಹಾಗೆ ಮಾಡಿ, "ಏಳು, ಪಪ್ಪ ಕಾಯ್ತಿದ್ದಾರೆ" ಎಂದಳು.

ದೇವರಪಟದ ಮುಂದೆ ಕೂತೆವು. ಪಪ್ಪ ಮಂಚದ ಮೇಲಿಂದಲೇ ಜಪಸರ ಹಿಡಿದರು. ನಾನು ಮೊದಲರ್ಧ ಹೇಳಿದೆ. ಮಾಂಯ್ ಎರಡನೆಯ ಅರ್ಧ ಹೇಳುತ್ತಾ ಬಂದಳು, 'ಮರಣದ ಗಳಿಗೆಯಲ್ಲೂ' ಎಂದಳು. ಕೊನೆಯ ಮಾತನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವುದು. ಪಪ್ಪ ಹೇಳಿದರು. ನನಗೆ ಬಾಯಿ ಬರಲಿಲ್ಲ. ಬಲಗೈಯ ಬೆರಳುಗಳು ಗಟ್ಟಿಯಾಗಿ ಮಡಚಿಕೊಂಡಿದ್ದವು.

ಮಾಂಯ್ ನನ್ನ ಮುಷ್ಟಿಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಈಗ ಹೇಳು" ಎಂದಳು. "ಏನೂ ಆಗಲ್ಲ."